ಡಬ್ಬಿ ಕೊಡಲು ಬಂದವಳು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಪಿಶಾಚಿ, ಶಕುನ, ಗಾಳಿ ಸೋಂಕು ಇವನ್ನೆಲ್ಲ ನಂಬಿದ ಮನುಷ್ಯ ನಾನಲ್ಲ. ಜಮಖಂಡಿಯ ಕಾಲೇಜಿನಲ್ಲಿ ವಿಜ್ಞಾನ ಓದಿದೆ. ಓದು ಮುಗಿಸಿ ಊರಿಗೆ ಬಂದು ಕಬ್ಬು ಹಚ್ಚಿದೆ, ಬೆಲ್ಲದ ಗಾಣ ಹಾಕಿದೆ. ಕೈಗೆ ಮಣ್ಣು ಹತ್ತಿದರೂ ತಲೆಗೆ ಹತ್ತಿದ್ದು ಹೋಗಲಿಲ್ಲ. ಊರಲ್ಲಿ ಯಾರ ಮೈಮೇಲಾದರೂ ಏನೋ ಬಂತೆಂದರೆ ಎಲ್ಲರಿಗಿಂತ ಮುಂಚೆ ಹೋಗಿ ಎದುರಿಗೆ ಕೂತು, ಅಡ್ಡ ಪ್ರಶ್ನೆ ಹಾಕಿ, ಮಂದಿಯಿಂದ ಬೈಸಿಕೊಂಡು ಬರುತ್ತಿದ್ದವನು ನಾನು. "ನಿಮಗ್ಯಾಕ ಬೇಕ್ರಿ ಊರ ಉಸಾಬರಿ" ಎಂದು ನನ್ನ ಹೆಂಡತಿ ನೀಲವ್ವ ಗೊಣಗುತ್ತಿದ್ದಳು. ಗಾಣ ಹೂಡುವ ಮುಂಚೆ ಎಂಜಿನ್ನಿಗೆ ಕಾಯಿ ಒಡೆಯಲೇಬೇಕೆಂದು ಆಳುಗಳು ಹಟ ಹಿಡಿದದ್ದಕ್ಕೇ ಒಂದು ವರ್ಷ ಬೇಕೆಂದೇ ಒಡೆಯದೆ ಸುರು ಮಾಡಿದೆ. ಆ ವರ್ಷ ಬೆಲ್ಲ ಚೆನ್ನಾಗಿಯೇ ಆಯಿತು. ಅದನ್ನು ನಾಲ್ಕು ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ನೀಲವ್ವ ಆವತ್ತು ನಸುಕಿನಲ್ಲೇ ನನಗೆ ಗೊತ್ತಾಗದಂತೆ ಬಂದು ಕಾಯಿ ಒಡೆದು ಹೋಗಿದ್ದಳು ಎಂಬುದು ಆಮೇಲೆ ತಿಳಿಯಿತು.

ಇಂಥ ಅನುಭವ ಹೇಳುವವರೆಲ್ಲ ನಡುರಾತ್ರಿ, ಹಾಳು ಬಾವಿ, ಹುಣಸೆ ಮರ ಎಂದು ಸುರು ಮಾಡುತ್ತಾರೆ. ನನ್ನದು ಹಾಗಿಲ್ಲ. ನನಗಾದದ್ದು ಮಟಮಟ ಮಧ್ಯಾಹ್ನ, ಎಂಜಿನ್ ಬಡಿದುಕೊಳ್ಳುತ್ತಿರುವಾಗ, ಐದಾರು ಮಂದಿ ಎದುರಿಗೆ. ಆಗಿ ನಾಲ್ಕು ವರ್ಷವಾಯಿತು. ಅಲ್ಲಿದ್ದವರಲ್ಲಿ ಪೂರ್ತಿ ಮಾತು ಕೇಳಿಸಿಕೊಂಡವರು ಇಬ್ಬರೇ, ನಾನು ಮತ್ತು ನಮ್ಮ ಯಮನಪ್ಪ. ನಾವಿಬ್ಬರೂ ಅದನ್ನು ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ. ನೀವು ನಂಬಬೇಕು ಎಂದೇನೂ ಇಲ್ಲ. ನಾನಾಗಿದ್ದರೆ ನಂಬುತ್ತಿರಲಿಲ್ಲ.

ಮಹಾಲಿಂಗಪುರದಿಂದ ಮುಧೋಳದ ಕಡೆ ಹೋಗುವ ದಾರಿಯಲ್ಲಿ ಒಂದು ಕ್ರಾಸಿದೆ. ಅಲ್ಲಿ ಬಸ್ ಇಳಿದು ಕಾಲುವೆಗುಂಟ ಹತ್ತು ನಿಮಿಷ ನಡೆದರೆ ನಮ್ಮ ಹೊಲ, ಹೊಲದಲ್ಲೇ ಗಾಣ. ಗಾಣದ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಕಬ್ಬಿನ ಹಾಲನ್ನು, ಅಂದರೆ ರಸವನ್ನು, ದೊಡ್ಡ ಕೊಪ್ಪರಿಗೆಯಲ್ಲಿ ಹಾಕಿ ಎರಡು ಮೂರು ತಾಸು ಕುದಿಸುತ್ತಾರೆ. ಮೇಲೆ ಬರುವ ಹೊಲಸು ನೊರೆ ತೆಗೆಯುತ್ತ ಹೋಗಬೇಕು. ಹದ ಬಂದಾಗ ಇಳಿಸಿ ಅಚ್ಚಿಗೆ ಹೊಯ್ದರೆ ಬೆಲ್ಲ. ಆ ಹದ ನೋಡುವವನು ಯಮನಪ್ಪ. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಇದ್ದಾನೆ. ಇನ್ನು ಗಾಣಕ್ಕೆ ಬಂದವರನ್ನು ಯಾರು ಏನು ಎಂದು ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಹಾದಿಯಲ್ಲಿ ಹೋಗುವವನು ಬಂದು ನಿಂತರೂ ಹಾಲು ಕುಡಿಸಬೇಕು, ಬಿಸಿ ಬೆಲ್ಲ ಕೈಗೆ ಹಾಕಬೇಕು. ಅದರಲ್ಲೂ ಹಂಗಾಮಿನ ಮೊದಲನೇ ಕೊಪ್ಪರಿಗೆ ಮಾರುವಂತಿಲ್ಲ. ಮಠಕ್ಕೆ ಒಂದಿಷ್ಟು, ಆಳುಗಳಿಗೆ, ಸುತ್ತಲ ಹೊಲದವರಿಗೆ, ಬಂದವರಿಗೆ ಹಂಚಿ ಮುಗಿಸಬೇಕು.

ನೀಲವ್ವ ಈ ಹಂಚುವ ಕೆಲಸದಲ್ಲಿ ಕೈ ಬಿಚ್ಚಿದವಳು. ಕೈಯಲ್ಲಿ ಕೊಟ್ಟರೆ ಸಾಕು ಎಂದರೆ ಕೇಳುತ್ತಿರಲಿಲ್ಲ, ಡಬ್ಬಿಯಲ್ಲಿ ತುಂಬಿ ಕೊಡುತ್ತಿದ್ದಳು. ಮದುವೆಯಲ್ಲಿ ಅವಳ ತವರಿನವರು ಕೊಟ್ಟ ಸ್ಟೀಲಿನ ಡಬ್ಬಿಗಳ ಮೇಲೆಲ್ಲ ಅವಳ ಹೆಸರು ಕೆತ್ತಿಸಿದ್ದರು. ಹೋದ ಡಬ್ಬಿಗಳಲ್ಲಿ ಅರ್ಧ ತಿರುಗಿ ಬರಲಿಲ್ಲ. "ಮುಧೋಳ, ಜಮಖಂಡಿ ಎರಡೂ ತಾಲೂಕಿನ ತುಂಬ ನಿನ್ನ ಹೆಸರು ಹಬ್ಬೇತಿ ನೋಡು" ಎಂದು ನಾನು ಚೇಷ್ಟೆ ಮಾಡಿದರೆ, "ಬರ್ತಾವ ಬಿಡ್ರಿ, ಬರೂ ಮುಂದ ಬರೀ ಡಬ್ಬಿ ಬರೂದಿಲ್ಲ" ಎನ್ನುತ್ತಿದ್ದಳು. ಖಾಲಿ ಡಬ್ಬಿ ತಿರುಗಿಸಬಾರದು ಎಂಬುದೂ ನಮ್ಮ ಕಡೆಯ ಪದ್ಧತಿ.

ಇನ್ನೊಂದು ವಿಷಯದಲ್ಲಿ ಮಾತ್ರ ಅವಳು ಬಹಳ ಬಿಗಿ. ಬೆಲ್ಲಕ್ಕೆ ಹಳದಿ ಬಣ್ಣ ಬರಲಿ ಎಂದು ಕೊಪ್ಪರಿಗೆಗೆ ರಾಸಾಯನಿಕದ ಒಂದು ಬಿಳಿ ಪೌಡರ್ ಹಾಕುವ ಚಾಳಿ ಎಲ್ಲ ಕಡೆ ಬಿದ್ದಿದೆ. ನಮ್ಮ ಗಾಣದಲ್ಲಿ ಅವಳು ಹಾಕಗೊಡಲಿಲ್ಲ. ಅದಕ್ಕೆ ಬದಲು ಪ್ರತಿ ವರ್ಷ ಮಳೆಗಾಲದಲ್ಲಿ ಬದುವಿನಗುಂಟ ಬೆಂಡೆ ಬೀಜ ಊರುತ್ತಿದ್ದಳು. ಬೆಂಡೆಯ ಗಿಡ ಜಜ್ಜಿ ನೀರಲ್ಲಿ ನೆನೆಸಿದರೆ ಲೋಳೆ ಬಿಡುತ್ತದೆ. ಅದನ್ನು ಕುದಿಯುವ ಹಾಲಿಗೆ ಹಾಕಿದರೆ ಹೊಲಸೆಲ್ಲ ಎದ್ದು ಮೇಲೆ ಬರುತ್ತದೆ. ಹಾಗೆ ಮಾಡಿದರೂ ಬೆಲ್ಲ ಕೆಂಪಾಗುತ್ತದೆಯೇ ಹೊರತು ಹಳದಿ ಆಗುವುದಿಲ್ಲ. ಪೇಟೆಯ ವ್ಯಾಪಾರಿ ಪ್ರತಿ ವರ್ಷ ಬಂದು ಪೌಡರಿನ ಮಾತು ತೆಗೆಯುತ್ತಿದ್ದ. ಅವಳು ಅವನ ಕೈಗೆ ಬಿಸಿ ಬೆಲ್ಲ ಹಾಕಿ, "ನಾ ತಿನ್ನೂದನ್ನ ಮಂದಿಗೆ ಕೊಡ್ತೇನಿ. ನೀ ತಿನ್ನೂದನ್ನ ನೀ ಮಾರಪಾ" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆಗ ನನಗೆ ಇದೆಲ್ಲ ನನ್ನ ತತ್ವವೂ ಹೌದು ಎಂಬ ಭ್ರಮೆ ಇತ್ತು. ಸಭೆಯಲ್ಲಿ ಎದ್ದು ನಿಂತು ಅದರ ಬಗ್ಗೆ ಭಾಷಣ ಕೂಡ ಮಾಡಿದ್ದೇನೆ.

ಶ್ರಾವಣದಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು. ಮೂರು ದಿನ ಇದ್ದಳು, ನಾಲ್ಕನೇ ದಿನ ಇಲ್ಲ. ಹೊಲದಲ್ಲೇ ಮಣ್ಣು ಮಾಡಿದೆವು. ಕಾಲುವೆಯ ಕಡೆಯಿಂದ ಗಾಣಕ್ಕೆ ಬರುವ ಕಾಲುದಾರಿಯ ಪಕ್ಕದಲ್ಲೇ ಅವಳ ಗದ್ದುಗೆ.

ನಾನು ಅಳಲಿಲ್ಲ. ಗಟ್ಟಿ ಮನುಷ್ಯ ಎಂದರು ಜನ. ಗಟ್ಟಿ ಎಲ್ಲಿಯದು, ಕಾಲು ಜೋಮು ಹಿಡಿದಂತೆ ಇಡೀ ಮೈಗೆ ಹಿಡಿದಿತ್ತು ಅಷ್ಟೇ. ಬೀಳಗಿಯಲ್ಲಿ ಕೊಟ್ಟ ಮಗಳು ಬಂದು ಒಂದು ತಿಂಗಳು ನನ್ನ ಜೊತೆ ಇದ್ದಳು. ಚಹಾಕ್ಕೆ ಸಕ್ಕರೆಯನ್ನೇ ಹಾಕಿರಲಿಲ್ಲ ಎಂದು ನಾನು ಕುಡಿದು ಲೋಟ ಇಟ್ಟ ಮೇಲೆ ಅವಳು ಹೇಳಿದಳು, ನನಗೆ ಗೊತ್ತಾಗಿರಲಿಲ್ಲ. ಎರಡು ಸಲ ಹೊಸ್ತಿಲು ಎಡವಿ ಬಿದ್ದೆ. ದಸರೆಯ ಹೊತ್ತಿಗೆ ಮಗಳೇ ಮತ್ತೆ ಬಂದು ಜಮಖಂಡಿಗೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದಳು. ನೀಲವ್ವ ಐದು ವರ್ಷದಿಂದ ಕನ್ನಡಕ ಹಾಕಿಕೊಳ್ಳಿ ಎಂದು ಬೆನ್ನು ಹತ್ತಿದ್ದಳು, ನಾನು ಕೇಳಿರಲಿಲ್ಲ. ಈಗ ಬೇಡ ಅನ್ನುವ ಹುಮ್ಮಸ್ಸೂ ಇರಲಿಲ್ಲ. ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ. ದುಃಖಕ್ಕೆ ಏನೇನೋ ಹೆಸರು ಇಡುತ್ತಾರೆ, ನನಗೆ ಬಂದದ್ದು ಆ 'ಆಗಲಿ' ಒಂದೇ.

ದೀಪಾವಳಿ ದಾಟಿದರೂ ಗಾಣ ಹೂಡಲಿಲ್ಲ. ಸಂಕ್ರಾಂತಿಯೂ ಹೋಯಿತು. ಕಬ್ಬು ಒಣಗುತ್ತದೆ ಎಂದು ಯಮನಪ್ಪ ದಿನಾ ಬಂದು ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದ. ಕೊನೆಗೆ ಒಂದು ಸಂಜೆ ಆ ವ್ಯಾಪಾರಿಯೂ ಬಂದ. ಹುಡುಗ ವಿನಯದವನು, ಕೆಟ್ಟವನಲ್ಲ. ನೀಲವ್ವನ ಬಗ್ಗೆ ಎರಡು ಮಾತಾಡಿ, ಆಮೇಲೆ ಹೇಳಿದ:

"ಕಾಕಾರ, ಈ ಸಲ ಬಣ್ಣ ಬೇಕ ಬೇಕ್ರಿ. ಎಲ್ಲಾರೂ ಹಾಕ್ತಾರ. ಕೆಂಪು ಬೆಲ್ಲ ಯಾರೂ ಮುಟ್ಟವಲ್ರು. ಹಳದಿ ಮಾಡಿ ಕೊಡ್ರಿ, ಹಂಗಾಮ ಪೂರ್ತಿ ನಾನ ಎತ್ತತೇನಿ."

"ಆಗಲಿ" ಅಂದೆ.

ಅವನು ನನ್ನ ಮುಖ ನೋಡಿದ. "ಇಷ್ಟ ಸರಳ ಹೂಂ ಅಂತೀರಿ ಅಂತ ತಿಳದಿದ್ದಿಲ್ರಿ" ಎಂದು ಚೀಲದಿಂದ ಪೌಡರಿನ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟ. ನಾಡದು ಗಾಣ ಹೂಡುವುದು, ಸಂಜೆಗೆ ಟೆಂಪೊ ಕಳಿಸುವುದು ಎಂದು ಅಲ್ಲೇ ಕೂತು ಠರಾಯಿಸಿದೆವು. ಅದನ್ನು ಮನಸ್ಸಿಟ್ಟು ಕೇಳಿ. ಗಾಣ ಯಾವಾಗ ಸುರು ಎಂಬುದು ಆ ಸಂಜೆಯವರೆಗೆ ನನಗೂ ಗೊತ್ತಿರಲಿಲ್ಲ.

ಹೂಡಿದ ದಿನ ನಸುಕಿನಲ್ಲೇ ಎಂಜಿನ್ ಚಾಲೂ ಮಾಡಿದೆವು. ಬೆಂಡೆ ಗಿಡ ಇರಲಿಲ್ಲ, ಆ ವರ್ಷ ಬೀಜ ಊರುವವರೇ ಇರಲಿಲ್ಲವಲ್ಲ. ಸುಣ್ಣದ ನೀರು ಹಾಕಿ ಕೈಲಾದಷ್ಟು ನೊರೆ ತೆಗೆದರು. ಹದ ಸಮೀಪ ಬಂದಾಗ ಯಮನಪ್ಪ ನನ್ನ ಕಡೆ ನೋಡಿದ. ನಾನು ಪೊಟ್ಟಣ ಒಡೆದೆ. "ಅವ್ವಾರು ಇದ್ದಿದ್ರ..." ಎಂದು ಏನೋ ಹೇಳಹೊರಟವನು ನಿಲ್ಲಿಸಿದ. ಆಮೇಲೆ ಒಂದು ಸೌಟು ಪಾಕವನ್ನು ಬೇರೆ ತಾಟಿಗೆ ತೆಗೆದು, "ಮೊಮ್ಮಗಳಿಗ್ರಿ" ಎಂದು ಗೋಡೆಯ ಕಡೆ ಇಟ್ಟ. ಆಮೇಲೆ ನಾನು ಪೌಡರ್ ಹಾಕಿದೆ. ಅವನು ಮುಂಚೆಯೇ ತೆಗೆದಿಟ್ಟದ್ದು ಯಾಕೆ ಎಂದು ನನಗೆ ತಿಳಿಯಿತು. ತಿಳಿದೂ ಏನೂ ಅನ್ನಿಸಲಿಲ್ಲ.

ಬೆಲ್ಲ ಹಳದಿಯಾಯಿತು. ಚೆಂಡು ಹೂವಿನ ಬಣ್ಣ. ಮೊದಲನೇ ಕೊಪ್ಪರಿಗೆ ಎಂದು ಯಮನಪ್ಪ ಆಳುಗಳಿಗೆಲ್ಲ ಒಂದೊಂದು ಮುದ್ದೆ ಹಂಚಿದ. ಎಲ್ಲರೂ ತಗೊಂಡರು, ಕಣ್ಣಿಗೆ ಒತ್ತಿಕೊಂಡರು, ಯಾರೂ ಬಾಯಿಗೆ ಹಾಕಲಿಲ್ಲ. ಉಳಿದದ್ದನ್ನು ಹಂಚುವ ಮಾತು ನಾನು ಎತ್ತಲಿಲ್ಲ. ಅಚ್ಚಿಗೆ ಹೊಯಿಸಿ ಸಂಜೆಯ ಟೆಂಪೊಗೆಂದು ಸಾಲಾಗಿ ಇಡಿಸಿದೆ. ಎರಡನೇ ಕೊಪ್ಪರಿಗೆ ಕುದಿಯಲು ಇಟ್ಟರು.

ಹನ್ನೆರಡು ಗಂಟೆಯ ಸುಮಾರು. ಕಾಲುದಾರಿಯಲ್ಲಿ ಒಬ್ಬ ಹೆಣ್ಣುಮಗಳು ಬರುವುದು ಕಾಣಿಸಿತು. ನಲವತ್ತೈದರ ಆಸುಪಾಸು, ಸಾಧಾರಣ ಸೀರೆ, ಕೈಯಲ್ಲಿ ಒಂದು ವಾಯರಿನ ಚೀಲ. ಗದ್ದುಗೆಯ ಪಕ್ಕದಿಂದಲೇ ಹಾದು ಬಂದಳು. ಹೊಸಬಳು ಎಂದು ಗೊತ್ತಾಗುತ್ತಿತ್ತು, ಅತ್ತ ಇತ್ತ ನೋಡುತ್ತ ಬರುತ್ತಿದ್ದಳು. ನಾನು ಕೊಪ್ಪರಿಗೆಯ ಹತ್ತಿರ ನಿಂತಿದ್ದೆ. ಅವಳು ಸೀದಾ ನನ್ನ ಕಡೆಗೇ ಬಂದಳು.

"ನೀವ ಅಲ್ರಿ ಅಣ್ಣಾರ? ಕನ್ನಡಕ ಹಾಕ್ಕೊಂಡು ಕೊಪ್ಪರಿಗಿ ಕಡೆ ನಿಂತಿರ್ತಾರ, ಅವರ ನಮ್ಮವರು ಅಂತ ಅಕ್ಕಾರು ಹೇಳಿದ್ರು."

ಯಾವ ಅಕ್ಕಾರು ಎಂದು ನಾನು ಕೇಳುವ ಮುಂಚೆಯೇ ಚೀಲದಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ನಮ್ಮ ಡಬ್ಬಿ. ಸೌಭಾಗ್ಯವತಿ ನೀಲವ್ವ ಎಂದು ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ್ದು. ಒಂದು ಬದಿ ತಗ್ಗು ಬಿದ್ದಿತ್ತು, ನಮ್ಮ ಮಗಳು ಚಿಕ್ಕವಳಿದ್ದಾಗ ಬೀಳಿಸಿ ಆದ ತಗ್ಗು.

ಅವಳು ಕಟ್ಟೆಯ ಅಂಚಿಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. ಅವಳು ಬನಹಟ್ಟಿಯವಳು, ಮನೆಯಲ್ಲಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಾಳೆ. ಎಂಟು ವರ್ಷದ ಹಿಂದೆ ಮದುವೆಗೆ ಲೋಕಾಪುರಕ್ಕೆ ಹೊರಟ ಅವರ ಟೆಂಪೊ ನಮ್ಮ ಕ್ರಾಸಿನಲ್ಲಿ ಕೆಟ್ಟು ನಿಂತಿತ್ತಂತೆ. ನೀಲವ್ವ ಎಲ್ಲರನ್ನೂ ಕರೆದು ಹಾಲು ಕುಡಿಸಿ, ಇವಳ ಮಗಳಿಗೆ ಮೈ ಸರಿ ಇಲ್ಲವೆಂದು ಡಬ್ಬಿ ತುಂಬ ಬೆಲ್ಲ ಕೊಟ್ಟು ಕಳಿಸಿದ್ದಳಂತೆ. ಇರಬಹುದು. ಅಂಥವು ನೂರು ನಡೆದಿವೆ.

"ಇವತ್ತ ನಾಳಿ ಅಂತ ಹಂಗ ಉಳದ ಬಿಡ್ತರಿ. ನಿನ್ನಿ ಮಹಾಲಿಂಗಪುರ ಬಸ್ ಸ್ಟ್ಯಾಂಡಿನ್ಯಾಗ ಅಕ್ಕಾರ ಸಿಕ್ಕಿದ್ರು. ಅವರ ನನ್ನ ಗುರುತು ಹಿಡದ್ರು, ನನಗ ಸಿಗಲಿಲ್ಲ ನೋಡ್ರಿ. ಮಗಳು ಹ್ಯಾಂಗದಾಳ ಅಂದ್ರು. ಹಡದಾಳ್ರಿ, ಹದಿನೈದು ದಿನ ಆತು ಅಂದೆ. ಹಂಗಾರ ನಾಳಿ ನಮ್ಮ ಗಾಣ ಸುರು ಆಗತೈತಿ, ಮೊದಲನೇ ಕೊಪ್ಪರಿಗಿ ಹಂಚತಾರ, ಹೋಗಿ ಡಬ್ಬಿ ಕೊಟ್ಟು ಬಾಣಂತಿಗೆ ಬೆಲ್ಲಾ ತಗೊಂಡು ಹೋಗು ಅಂದ್ರು. ನಮ್ಮದ್ರಾಗ ಪೌಡರ ಇರೂದಿಲ್ಲ, ಹೆದರಬ್ಯಾಡ ಅಂದ್ರು."

ಎಂಜಿನ್ ಹೊಡೆದುಕೊಳ್ಳುತ್ತಲೇ ಇತ್ತು. ಯಮನಪ್ಪ ನೊರೆ ತೆಗೆಯುವ ಜಾಳಿಗೆ ಕೈಯಲ್ಲಿ ಹಿಡಿದವನು ಹಾಗೇ ನಿಂತಿದ್ದ. ನನಗೆ ಹೆದರಿಕೆ ಆಗಲಿಲ್ಲ. ರೋಮ ನಿಮಿರಿದವು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ಬಹಳ ದೂರದಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು, ಅಷ್ಟೇ. ಈಗ ಯೋಚಿಸಿದರೆ ನಾನು ಕೇಳಬೇಕಾದ ಪ್ರಶ್ನೆಗಳು ಹತ್ತಾರು. ಯಾವ ಹೊತ್ತು, ಯಾವ ಬಸ್ಸು, ಯಾವ ಸೀರೆ. ಊರವರ ಮೈಮೇಲೆ ಬಂದಾಗ ಅಡ್ಡ ಪ್ರಶ್ನೆ ಹಾಕುತ್ತಿದ್ದ ಮನುಷ್ಯ ನಾನು. ಆವತ್ತು ನನ್ನ ಬಾಯಿಂದ ಬಂದದ್ದು ಒಂದೇ.

"ಹ್ಯಾಂಗಿದ್ಳು?"

ಅವಳು ನಕ್ಕಳು. "ಮನ್ಯಾಗ ಇರೂರನ್ನ ನನಗ ಕೇಳ್ತೀರಲ್ರಿ ಅಣ್ಣಾರ. ಛಲೋ ಅದಾರ. ಸ್ವಲ್ಪ ಸೊರಗ್ಯಾರ. ನೀವೂ ಬರ್ರಿ, ಕೂಡೇ ಹೋಗೂಣು ಅಂದೆ. ಇಲ್ಲ, ನನಗ ಇಲ್ಲೇ ಇನ್ನೊಂದಿಷ್ಟ ಕೆಲಸ ಐತಿ ಅಂದ್ರು."

ಅವಳು ಸತ್ತು ಐದು ತಿಂಗಳಾಯಿತು ತಂಗಿ, ನೀನು ಈಗ ದಾಟಿ ಬಂದದ್ದು ಅವಳ ಗದ್ದುಗೆಯನ್ನೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಐದು ತಿಂಗಳಲ್ಲಿ ನೀಲವ್ವನ ಬಗ್ಗೆ ಇದ್ದಾಳೆ ಎಂಬಂತೆ ಮಾತಾಡಿದವರು ಅವಳೊಬ್ಬಳೇ. ಆ ಮಾತು ಇನ್ನೆರಡು ನಿಮಿಷ ನಡೆಯಲಿ ಅನ್ನಿಸಿತು. ಐದು ತಿಂಗಳಲ್ಲಿ ನನಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಅವಳ ಕಣ್ಣು ಸಾಲಾಗಿಟ್ಟ ಹಳದಿ ಬೆಲ್ಲದ ಮೇಲೆ ಬಿತ್ತು. "ಏನ ಬಣ್ಣ ಬಂದೇತ್ರಿ. ಅದರಾಗಿಂದ ಕೊಡ್ರಿ ಅಣ್ಣಾರ, ಇನ್ನೂ ಬಿಸಿ ಐತಿ." ಡಬ್ಬಿಯಲ್ಲಿದ್ದ ಶೇಂಗಾ ಚಟ್ನಿಯ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟು ಖಾಲಿ ಡಬ್ಬಿ ಮುಂದೆ ಚಾಚಿದಳು. ಬಂದವರಿಗೆ ಇಲ್ಲ ಎನ್ನಬಾರದು. ಯಮನಪ್ಪ ಏನು ಮಾಡಬೇಕೆಂದು ತಿಳಿಯದೆ ಒಂದು ಹೆಜ್ಜೆ ಮುಂದೆ ಬಂದು ನಿಂತ. ಆಳುಗಳೆಲ್ಲ ಕೆಲಸ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ಅವರ ಕಿಸೆಯಲ್ಲಿ ಮುಂಜಾನೆಯ ಮುದ್ದೆ ಹಾಗೇ ಇತ್ತು.

ಕೊಟ್ಟುಬಿಡಬಹುದಿತ್ತು. ಅವಳಿಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಪೌಡರ್ ಎಂಬ ಮಾತನ್ನು ಬಾಯಿ ಬಿಟ್ಟು ಒಪ್ಪಿಕೊಳ್ಳುವುದೆಂದರೆ ಇಪ್ಪತ್ತು ವರ್ಷದ ನಮ್ಮ ಗಾಣದ ಹೆಸರನ್ನು ನಾನೇ ಕೈಯಾರೆ ತೊಳೆದುಕೊಳ್ಳುವುದು. ಅದೂ, ನಮ್ಮದರಲ್ಲಿ ಪೌಡರ್ ಇರುವುದಿಲ್ಲ ಎಂದು ನೀಲವ್ವ ಮಾತು ಕೊಟ್ಟು ಕಳಿಸಿದವಳ ಮುಂದೆ.

"ಅದು ಬ್ಯಾಡ ತಂಗಿ. ಅದಕ್ಕ ಪೌಡರ ಹಾಕೇವಿ."

ಅವಳಿಗೆ ಅರ್ಥವಾಗಲಿಲ್ಲ. "ಹಾಕೂದಿಲ್ಲ ಅಂದಿದ್ರಲ್ರಿ ಅಕ್ಕಾರು?"

"ಆಕಿಗೆ ಗೊತ್ತಿಲ್ಲ" ಅಂದೆ. "ನಾ ಹಾಕೇನಿ. ಇವತ್ತ ಮುಂಜಾನಿ, ನನ್ನ ಕೈಯಾರೆ."

ಹೇಳಿದ ಮೇಲೆ ಮೈಯೆಲ್ಲ ಬಿಸಿಯಾಯಿತು. ನಾಚಿಕೆ. ಶ್ರಾವಣದಿಂದೀಚೆಗೆ ನನ್ನ ಮೈಗೆ ತಾಗಿದ ಮೊದಲನೇ ಭಾವನೆ ಅದು, ನಾಚಿಕೆ. ಒಳ್ಳೆಯ ಭಾವನೆ ಯಾವುದಾದರೂ ಮೊದಲು ಬರುತ್ತದೆ ಎಂದು ನೀವು ತಿಳಿದಿದ್ದರೆ, ಹಾಗಿಲ್ಲ. ಅವಳನ್ನು ಕೂಡಿಸಿ, ಎರಡು ತಾಸು ನಿಲ್ಲಬೇಕಾಗುತ್ತದೆ, ಕುದಿಯುತ್ತಿರುವುದಕ್ಕೆ ಹಾಕುವುದಿಲ್ಲ, ಅದರಲ್ಲಿ ಕೊಡುತ್ತೇನೆ ಎಂದೆ. ಉಳಿದ ಪೌಡರ್ ಪೊಟ್ಟಣವನ್ನು ಒಲೆಯ ಬೂದಿಯಲ್ಲಿ ಹೂಳಿ ಬಾ ಎಂದು ಯಮನಪ್ಪನಿಗೆ ಹೇಳಿದೆ. ಅವನು ತಗೊಂಡು ಹೋದ.

ಎರಡು ತಾಸು ಅವಳು ಕಬ್ಬಿನ ಒಣ ರವದಿಯ ರಾಶಿಯ ನೆರಳಿಗೆ ಕೂತಿದ್ದಳು. ಮೊಮ್ಮಗುವಿನ ಮಾತಾಡಿದಳು, ಮಗ್ಗದ ಮಾತಾಡಿದಳು. ನಾನು ಮತ್ತೆ ಏನೂ ಕೇಳಲಿಲ್ಲ. ಬೆಂಡೆ ಲೋಳೆ ಇಲ್ಲದ್ದರಿಂದ ಆ ಕೊಪ್ಪರಿಗೆ ಕೆಂಪೂ ಆಗಲಿಲ್ಲ, ಕಪ್ಪಗೆ ಇಳಿಯಿತು. ಯಮನಪ್ಪ ತಾನೇ ಮೊದಲು ಚೂರು ಮುರಿದು ಬಾಯಿಗೆ ಹಾಕಿಕೊಂಡು ಡಬ್ಬಿ ತುಂಬಿದ. ಅವಳು ಬಣ್ಣ ನೋಡಿ ಮುಖ ಸಣ್ಣದು ಮಾಡಲಿಲ್ಲ. ಕಣ್ಣಿಗೆ ಒತ್ತಿಕೊಂಡು ಚೀಲಕ್ಕೆ ಹಾಕಿದಳು.

ಹೊರಟವಳು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ನಾಳಿ ಮತ್ತ ಮಹಾಲಿಂಗಪುರಕ್ಕ ಹೊಕ್ಕೇನ್ರಿ. ಅಕ್ಕಾರು ಸಿಕ್ಕರ ಏನರ ಹೇಳೂದೈತೇನ್ರಿ?"

ಯಮನಪ್ಪ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದ.

"ಒಂದ ಕೊಪ್ಪರಿಗಿಗೆ ಹಾಕಿದ್ರು, ಎರಡನೇದಕ್ಕ ಹಾಕಲಿಲ್ಲ ಅಂತ ಹೇಳವ್ವಾ" ಅಂದೆ.

"ಅಷ್ಟ ಏನ್ರಿ?"

"ಅಷ್ಟ."

ಹೂಂ ಎಂದು ತಲೆಯಾಡಿಸಿ ಕಾಲುದಾರಿ ಹಿಡಿದು ಹೋದಳು. ಕಾಲುವೆಯ ತಿರುವಿನ ತನಕ ಕಾಣುತ್ತಿದ್ದಳು. ಮಾಯವಾದಳು ಅದು ಇದು ಏನಿಲ್ಲ. ಬಸ್ಸು ಬಂದ ಸದ್ದೂ ನಿಂತ ಸದ್ದೂ ಕೇಳಿಸಿತು.

ಸಂಜೆ ವ್ಯಾಪಾರಿಯ ಟೆಂಪೊ ಖಾಲಿ ಹೋಯಿತು. ಹಳದಿ ಬೆಲ್ಲವನ್ನು ಅಷ್ಟರಲ್ಲಿ ತಿಪ್ಪೆಗೆ ಹಾಕಿಸಿ ನೀರು ಹೊಯಿಸಿದ್ದೆ, ಕಪ್ಪು ಬೆಲ್ಲ ಅವನು ಮುಟ್ಟಲಿಲ್ಲ. ಸಿಟ್ಟೇನೂ ಆಗಲಿಲ್ಲ. "ನೀವು ಇನ್ನೂ ಸುಧಾರಿಸಿಕೊಂಡಿಲ್ಲ ಕಾಕಾರ" ಎಂದು ಮರುಕಪಟ್ಟ. ಆ ರಾತ್ರಿ ರೊಟ್ಟಿಗೆ ಅವಳು ತಂದ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಖಾರ ಹತ್ತಿತು. ನೀರು ಕುಡಿದೆ, ಮತ್ತೂ ಖಾರ ಹತ್ತಿತು. ಆಗ ಅಳು ಬಂತು. ಚಟ್ನಿಯ ಖಾರಕ್ಕೇ ಬಂತೆಂದು ಬೇಕಾದರೆ ತಿಳಿದುಕೊಳ್ಳಿ.

ಆ ಹಂಗಾಮಿನ ಬೆಲ್ಲ ಪೇಟೆಯಲ್ಲಿ ಯಾರೂ ಕೇಳಲಿಲ್ಲ. ಲೋಕಾಪುರದ ರಸ್ತೆಗೆ ಒಂದು ಛತ್ರಿ ಹೂಡಿಕೊಂಡು ನಾನೇ ಕೂತು ಮಾರಿದೆ. ಪರಿಚಯದವರು ಗಾಡಿ ನಿಲ್ಲಿಸಿ, ಗಾಣದ ಸಾವಕಾರ ರಸ್ತೆಗೆ ಬಂದನಲ್ಲ ಎಂದು ನಕ್ಕರು. ಮೊದಲ ವಾರ ತಲೆ ಎತ್ತುವುದೇ ಕಷ್ಟವಾಯಿತು. ಕಪ್ಪಗೆ ಯಾಕಿದೆ ಎಂದು ಕೇಳಿದವರಿಗೆಲ್ಲ ಯಾಕೆ ಎಂದು ಹೇಳಿ ಹೇಳಿ ಬಾಯಿ ನೋಯಿತು. ಆಮೇಲೆ ಆಮೇಲೆ ಹುಡುಕಿಕೊಂಡು ಬರುವವರು ಆದರು. ಮರು ವರ್ಷದಿಂದ ಬದುವಿನಗುಂಟ ಬೆಂಡೆ ಬೀಜ ಊರುವುದು ನಾನೇ. ಹೆಂಡತಿ ಹೋದ ಮೇಲೂ ಧೈರ್ಯ ಬಿಡಲಿಲ್ಲ, ತತ್ವ ಬಿಡಲಿಲ್ಲ ಎಂದು ಈಗ ಸಭೆಗಳಲ್ಲಿ ನನ್ನನ್ನು ಹೊಗಳುತ್ತಾರೆ. ಬಿಟ್ಟಿದ್ದೆ ಎಂದು ಅಲ್ಲಿ ಹೇಳಲು ಹೋಗುವುದಿಲ್ಲ, ಹೇಳಿದರೆ ಈ ಕಥೆಯನ್ನೂ ಹೇಳಬೇಕಾಗುತ್ತದೆ.

ವಿಜ್ಞಾನ ಓದಿದವನು ನಾನು, ಸುಮ್ಮನೆ ಕೂರಲಿಲ್ಲ. ನೀಲವ್ವನ ತಂಗಿ ಸಾವಳಗಿಯಲ್ಲಿದ್ದಾಳೆ, ನೋಡಲು ಅಕ್ಕನ ಹಾಗೇ. ಅವಳನ್ನು ಕೇಳಿದೆ. ಆ ವಾರ ಅವಳು ಮನೆ ಬಿಟ್ಟು ಎಲ್ಲೂ ಹೋಗಿರಲಿಲ್ಲ, ಬನಹಟ್ಟಿಯ ಯಾರನ್ನೂ ಅರಿಯಳು. ಎಂಟು ವರ್ಷದ ಹಿಂದೆ ಒಂದು ತಾಸು ಕಂಡ ಮುಖ, ಬನಹಟ್ಟಿಯವಳು ತನ್ನನ್ನು ಮಾತಾಡಿಸಿದ ಯಾರನ್ನೋ ನೀಲವ್ವ ಎಂದುಕೊಂಡಿರಬೇಕು ಎನ್ನೋಣ. ಆ ಯಾರೋ ಒಬ್ಬಳಿಗೆ ಗಾಣ ಸುರುವಾಗುವ ದಿನ ಹೇಗೆ ಗೊತ್ತು? ಕನ್ನಡಕ? ನಾನು ಕನ್ನಡಕ ಹಾಕಿದ್ದನ್ನು ನೀಲವ್ವ ನೋಡಿಯೇ ಇರಲಿಲ್ಲ. ಗಾಣ ಸುರುವಾಗುವ ಸುದ್ದಿ ವ್ಯಾಪಾರಿಯಿಂದ ಹೊರಗೆ ಹೋಗಿರಬಹುದು, ಕನ್ನಡಕ ನನ್ನ ಮುಖ ನೋಡಿದ ಮೇಲೆ ಅವಳೇ ಸೇರಿಸಿ ಹೇಳಿರಬಹುದು. ಹೀಗೆ ಒಂದೊಂದನ್ನೂ ಬಿಡಿಸಿಬಿಡಬಹುದು. ಎಲ್ಲವನ್ನೂ ಕೂಡಿಸಿ ಇಟ್ಟಾಗ ನನಗೆ ಬಿಡಿಸಲು ಬರುವುದಿಲ್ಲ.

ಅವಳನ್ನೇ ಕೇಳಬಹುದಲ್ಲ ಎನ್ನುತ್ತೀರಿ. ಹೋಗಿದ್ದೆ. ಆ ವರ್ಷ ಹೋಳಿಯ ಮುಂದೆ ಬನಹಟ್ಟಿಗೆ ಹೋಗಿ ಇಳಿದೆ. ಹೆಸರು ಕೇಳಿರಲಿಲ್ಲ, ಆದರೂ ಹೊಸದಾಗಿ ಹಡೆದ ಮಗಳಿರುವ, ಕಂಡಿಕೆ ಸುತ್ತುವ ಹೆಣ್ಣುಮಗಳು ಎಂದರೆ ನಾಲ್ಕು ಮನೆ ಕೇಳಿದರೆ ಸಿಗುತ್ತಿದ್ದಳು. ಓಣಿಯ ತುಂಬ ಮಗ್ಗಗಳ ಸದ್ದು. ಓಣಿಯ ಬಾಯಿಯಲ್ಲೇ ನಿಂತೆ. ಅವಳು ಸಿಕ್ಕು, "ಅಯ್ಯ, ಅವರಲ್ರಿ, ಬ್ಯಾರೆ ಯಾರೋ ಇದ್ರು, ನಾ ತಪ್ಪು ತಿಳಕೊಂಡಿದ್ದೆ" ಎಂದುಬಿಟ್ಟರೆ? ಅಥವಾ, "ಹೇಳಿದೆನ್ರಿ, ಅಕ್ಕಾರು ಹಿಂಗ ಅಂದ್ರು" ಎಂದರೆ? ಎರಡರಲ್ಲಿ ಯಾವುದನ್ನೂ ಕೇಳುವ ಧೈರ್ಯ ನನಗೆ ಬರಲಿಲ್ಲ. ಚಹಾ ಕುಡಿದು ಮುಂದಿನ ಬಸ್ಸಿಗೆ ವಾಪಸು ಬಂದೆ.

ಯಮನಪ್ಪ ಆ ಬಗ್ಗೆ ಮಾತಾಡಿದ್ದು ಒಂದೇ ಸಲ, ಹೋದ ವರ್ಷ ಗಾಣ ಹೂಡುವಾಗ. ಕಾಯಿ ಒಡೆಯುವುದು ಈಗ ನಾನೇ. ಅದು ಮುಗಿದು ಎಲ್ಲರೂ ಅತ್ತ ಹೋದ ಮೇಲೆ ಅವನು ಮೆಲ್ಲಗೆ ಅಂದ: "ಸಾವಕಾರ್ರ, ಆ ಡಬ್ಬಿ ಇನ್ನೂ ಬರಲಿಲ್ಲ ನೋಡ್ರಿ."

ಬಂದಿಲ್ಲ. ತುಂಬಿ ಕಳಿಸಿದ ಡಬ್ಬಿ ಬನಹಟ್ಟಿಯಲ್ಲೇ ಎಲ್ಲೋ ಇದೆ. ಬರುವಾಗ ಅದು ಖಾಲಿ ಬರುವುದಿಲ್ಲ ಎಂದು ನಮಗೆ ಗೊತ್ತು. ಈ ವರ್ಷವೂ ಗಾಣ ಸುರುವಾಗಿದೆ, ಮೊದಲನೇ ಕೊಪ್ಪರಿಗೆ ಮೊನ್ನೆ ಹಂಚಿದೆವು. ಕ್ರಾಸಿನಲ್ಲಿ ಬಸ್ಸು ನಿಂತ ಸದ್ದಾದಾಗಲೆಲ್ಲ ಯಮನಪ್ಪ ಕೊಪ್ಪರಿಗೆಯಿಂದ ತಲೆ ಎತ್ತಿ ಒಮ್ಮೆ ಕಾಲುದಾರಿಯ ಕಡೆ ನೋಡುತ್ತಾನೆ. ನಾನು ಕನ್ನಡಕ ಒರೆಸಿಕೊಂಡು ನೋಡುತ್ತೇನೆ.